ಐಷಾರಾಮಿ ಹಡಗು ‘ಮೊದಲಿನ ಹಾಗಿಲ್ಲ’ವಂತೆ: ಈ ದೂರು ನಮ್ಮೂರಿಗೂ ಸಂಬಂಧಪಟ್ಟದ್ದು

ಇಪ್ಪತ್ತು ಸಲ, ಮೂವತ್ತು ಸಲ ಕ್ರೂಸ್ ಹಡಗು ಹತ್ತಿ ಇಳಿದ ಅಮೆರಿಕದ, ಇಂಗ್ಲೆಂಡಿನ ಹಿರಿಯರು ಇತ್ತೀಚೆಗೆ ಒಂದೇ ರಾಗ ಹಾಡುತ್ತಾರೆ: ಹಡಗು ಮೊದಲಿನ ಹಾಗಿಲ್ಲ. ಕೋಣೆಗೆ ದಿನಕ್ಕೆ ಎರಡು ಸಲ ಬರುತ್ತಿದ್ದ ಹುಡುಗ ಈಗ ಒಂದೇ ಸಲ ಬರುತ್ತಾನೆ. ನಡುರಾತ್ರಿಯ ಭರ್ಜರಿ ಊಟ ಬಹುಪಾಲು ನಿಂತುಹೋಗಿದೆ. ಟಿಕೆಟ್ಟಿನಲ್ಲೇ ಸೇರಿರುತ್ತಿದ್ದದ್ದಕ್ಕೆ ಈಗ ಬೇರೆ ಬಿಲ್ಲು. ಹೆಸರು ಹಿಡಿದು ಮಾತಾಡಿಸುತ್ತಿದ್ದ ವೇಟರ್‌ಗೆ ತಲೆ ಎತ್ತಲೂ ಪುರುಸೊತ್ತಿಲ್ಲ.

ಸಂಜೆ ಬಸ್ಸು ಬಂದರೆ ಸಾಕಪ್ಪಾ ಎಂದು ಸ್ಟಾಪಿನಲ್ಲಿ ಕಾಯುವ ನಮಗೆ, ದಿಂಬಿನ ಮೇಲೆ ಚಾಕೊಲೇಟ್ ಇಡಲಿಲ್ಲ ಎಂಬ ದೂರು ಕೇಳಿದರೆ ನಗು ಬರುವುದು ಸಹಜ. ನಮ್ಮ ಓದುಗರಲ್ಲಿ ಆ ಹಡಗುಗಳಲ್ಲಿ ಪ್ರವಾಸ ಮಾಡಿದವರು ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ಆದರೂ ಈ ದೂರನ್ನು ನಕ್ಕು ಪಕ್ಕಕ್ಕೆ ಸರಿಸಬಾರದು ಎಂಬುದು ನಮ್ಮ ವಾದ. ಯಾಕೆಂದರೆ ಆ ಕೋಣೆಗೆ ಬರುವ ಹುಡುಗ ನಮ್ಮವನಾಗಿರಬಹುದು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಕೇಳುತ್ತೇವೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರು ಈಗ ಒಳನಾಡಿನ ಜಿಲ್ಲೆಗಳಿಂದಲೂ ಅದೇ ದಾರಿ ಹಿಡಿಯುತ್ತಿದ್ದಾರೆ. ಪ್ರಯಾಣಿಕನ ಸೌಕರ್ಯ ಎಲ್ಲಿ ಕಡಿಮೆಯಾಯಿತು ಎಂದು ಹಳೇ ಗಿರಾಕಿ ಬೆರಳಿಟ್ಟು ತೋರಿಸಿದರೆ, ಸಾಮಾನ್ಯವಾಗಿ ಅದೇ ಜಾಗದಲ್ಲಿ ಯಾರದೋ ಕೆಲಸದ ಹೊರೆ ಹೆಚ್ಚಾಗಿರುತ್ತದೆ.

ಮೊದಲು ಈ ಕ್ರೂಸ್ ಎಂದರೇನು ಎಂದು ಸ್ವಲ್ಪ ಹೇಳಿಬಿಡುತ್ತೇವೆ. ಹಿಂದೆ ಯುರೋಪಿನಿಂದ ಅಮೆರಿಕಕ್ಕೆ ಹೋಗಬೇಕೆಂದರೆ ಹಡಗೇ ಗತಿ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಶುರುವಾದವು. ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿಯಿತು, ದೊಡ್ಡ ಪ್ರಯಾಣಿಕ ಹಡಗುಗಳಿಗೆ ಕೆಲಸ ಇಲ್ಲದಾಯಿತು. ಆಗ ಕಂಪನಿಗಳು ಊರು ಮುಟ್ಟಿಸುವುದನ್ನು ಬಿಟ್ಟು, ಜನರನ್ನು ಕೂರಿಸಿಕೊಂಡು ಸುಮ್ಮನೆ ಸುತ್ತಿಸಿ ಹೊರಟಲ್ಲಿಗೇ ತಂದು ಬಿಡುವ ವ್ಯಾಪಾರಕ್ಕೆ ಇಳಿದವು. ಇಂದು ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿಯಾದ ಕಾರ್ನಿವಲ್ ಶುರುವಾದದ್ದು 1972ರಲ್ಲಿ, ‘ಮಾರ್ಡಿ ಗ್ರಾ’ ಎಂಬ ಒಂದು ಸೆಕೆಂಡ್ ಹ್ಯಾಂಡ್ ಹಡಗಿನಿಂದ. ಮೊದಲ ಪ್ರವಾಸದಲ್ಲೇ ಅದು ಮಯಾಮಿ ಬಂದರು ದಾಟುವಷ್ಟರಲ್ಲಿ ನೆಲಕ್ಕೆ ತಾಗಿ ಸಿಕ್ಕಿಬಿದ್ದಿತ್ತು! 1977ರಿಂದ ‘ದಿ ಲವ್ ಬೋಟ್’ ಎಂಬ ಟಿವಿ ಧಾರಾವಾಹಿ ಬಂದ ಮೇಲಂತೂ ಅಮೆರಿಕದ ಮಧ್ಯಮ ವರ್ಗದವರಿಗೆ ಹಡಗಿನ ಪ್ರವಾಸ ಒಂದು ಆಸೆಯಾಗಿ ಕೂತಿತು.

ಆಗಿನ ಹಡಗಿನಲ್ಲಿ ‘ಐಷಾರಾಮಿ’ ಎಂದರೆ ಏನಿತ್ತು? ಈಜುಕೊಳ ಇತ್ತು, ಸಂಗೀತ ಇತ್ತು, ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ ಇತ್ತು. ಆದರೆ ಹಳೇ ಗಿರಾಕಿಗಳು ನೆನೆಸಿಕೊಳ್ಳುವುದು ಹೆಚ್ಚಾಗಿ ಮನುಷ್ಯರನ್ನು. ಪ್ರವಾಸ ಮುಗಿಯುವತನಕ ಅದೇ ಮೇಜು, ಅದೇ ವೇಟರ್. ಎರಡನೇ ದಿನಕ್ಕೆ ಅವನಿಗೆ ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಎಂದು ಗೊತ್ತು. ಬೆಳಿಗ್ಗೆ ಕೋಣೆ ಗುಡಿಸಿ ಹಾಸಿಗೆ ಮಡಿಸುವ ಸ್ಟೀವರ್ಡ್ ಸಂಜೆ ಮತ್ತೆ ಬಂದು ಹಾಸಿಗೆ ಬಿಡಿಸಿ, ಟವೆಲನ್ನು ಆನೆಯೋ ಕೋತಿಯೋ ಆಗುವ ಹಾಗೆ ಮಡಚಿಟ್ಟು ಹೋಗುತ್ತಿದ್ದ. ಕೊನೆಯ ರಾತ್ರಿಗಳಲ್ಲಿ ದೀಪ ಆರಿಸಿ, ವೇಟರ್‌ಗಳೆಲ್ಲ ಬೆಂಕಿ ಹೊತ್ತಿಸಿದ ಐಸ್‌ಕ್ರೀಮ್ ತಟ್ಟೆಗಳನ್ನು ತಲೆ ಮೇಲೆ ಎತ್ತಿ ಮೆರವಣಿಗೆ ಬರುತ್ತಿದ್ದರು.

ನಮ್ಮ ಮದುವೆ ಮನೆಯ ಲೆಕ್ಕದಲ್ಲಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಎಲೆ ಹಾಕಿ ಪಂಕ್ತಿಯಲ್ಲಿ ಕೂರಿಸಿದಾಗ ಸಾರು ಹಿಡಿದವನೊಬ್ಬ, ಪಲ್ಯದವನೊಬ್ಬ, ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ’ ಎಂದು ಒತ್ತಾಯ ಮಾಡುವವನೊಬ್ಬ. ಅದೇ ಮದುವೆಯಲ್ಲಿ ಬಫೆ ಇಟ್ಟರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಅಡುಗೆ ಭಟ್ಟರು ಅವರೇ ಇರಬಹುದು, ಐಟಂ ನಾಲ್ಕು ಹೆಚ್ಚೇ ಇರಬಹುದು. ಆದರೂ ಉಂಡು ಬಂದವರು ‘ಊಟದ ಗತ್ತು ಹೋಯ್ತು’ ಎನ್ನುತ್ತಾರೆ. ಅಲ್ಲಿ ಕಡಿಮೆಯಾಗಿದ್ದು ಬಡಿಸುವ ಕೈ.

ಹಡಗಿನಲ್ಲೂ ಹೀಗೇ ಆಗಿದೆ. ಇಂಗ್ಲೆಂಡಿನ ಹೆಸರಾಂತ ‘ಕ್ವೀನ್ ಎಲಿಜಬೆತ್ 2’ 1969ರಿಂದ 2008ರವರೆಗೆ ಓಡಿತು, ಈಗ ದುಬೈಯಲ್ಲಿ ಹೋಟೆಲ್ ಆಗಿ ನಿಂತಿದೆ. ಅದರಲ್ಲಿ ಸುಮಾರು 1,800 ಪ್ರಯಾಣಿಕರಿಗೆ ಸುಮಾರು ಒಂದು ಸಾವಿರ ಸಿಬ್ಬಂದಿ ಇದ್ದರು. 2024ರ ಜನವರಿಯಲ್ಲಿ ಹೊರಟ ರಾಯಲ್ ಕೆರಿಬಿಯನ್ ಕಂಪನಿಯ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು, ಪೂರ್ತಿ ತುಂಬಿದರೆ 7,600. ಸಿಬ್ಬಂದಿ ಸುಮಾರು 2,350. ಹಡಗು ತುಂಬಿದ ದಿನ ಒಳಗಿರುವ ಜನ ಹತ್ತು ಸಾವಿರದ ಹತ್ತಿರ ಬರುತ್ತಾರೆ, ನಮ್ಮ ಒಂದು ಗ್ರಾಮ ಪಂಚಾಯಿತಿಯ ಜನಸಂಖ್ಯೆಗಿಂತ ಜಾಸ್ತಿ.

ಇಲ್ಲಿ ಒಂದು ಮಾತನ್ನು ಸರಿಯಾಗಿ ಹೇಳಬೇಕು. ಸಾಮಾನ್ಯ ದರದ ಹಡಗುಗಳಲ್ಲಿ ಒಟ್ಟು ಪ್ರಯಾಣಿಕರಿಗೆ ಒಟ್ಟು ಸಿಬ್ಬಂದಿ ಎಂಬ ಲೆಕ್ಕ ಮೂವತ್ತು ವರ್ಷಗಳಲ್ಲಿ ತೀರಾ ಕೆಟ್ಟಿಲ್ಲ. ಎಂಬತ್ತರ ದಶಕದ ಕೊನೆಯಲ್ಲೂ ಎರಡೂವರೆ ಪ್ರಯಾಣಿಕರಿಗೆ ಒಬ್ಬನ ಆಸುಪಾಸೇ ಇತ್ತು. ಬದಲಾಗಿರುವುದು ಆ ಕೈಗಳು ನಿಂತಿರುವ ಜಾಗ. ನೀರಿನ ಜಾರುಬಂಡೆ, ಐಸ್ ಮೇಲಿನ ಆಟ, ಹತ್ತಾರು ಬಾರು, ಅಂಗಡಿ ಸಾಲು, ದುಡ್ಡು ಕೊಟ್ಟು ಊಟ ಮಾಡುವ ವಿಶೇಷ ಹೋಟೆಲುಗಳು, ಇವೆಲ್ಲಕ್ಕೂ ಜನ ಬೇಕಲ್ಲ? ಹಾಗಾಗಿ ಎಲ್ಲರಿಗೂ ಸೇರಿದ ದೊಡ್ಡ ಊಟದ ಕೋಣೆಯ ಮೇಜು, ಎಲ್ಲರ ಕೋಣೆಯ ಹಾಸಿಗೆ, ಇಲ್ಲಿ ಕೈ ಬಿಗಿಯಾಯಿತು. 2023ರ ಹೊತ್ತಿಗೆ ನಾರ್ವೀಜಿಯನ್ ಮತ್ತು ರಾಯಲ್ ಕೆರಿಬಿಯನ್ ಎರಡೂ ಕಂಪನಿಗಳು ಸಾಮಾನ್ಯ ಕೋಣೆಗಳಿಗೆ ದಿನಕ್ಕೆ ಎರಡು ಸಲದ ಸೇವೆ ನಿಲ್ಲಿಸಿ ಒಂದಕ್ಕೆ ಇಳಿಸಿದವು.

ಯಾಕೆ ಹೀಗೆ? ಕಂಪನಿಗಳ ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಸ್ವಲ್ಪ ಅದೂ ಇದೆ. ಆದರೆ ಟಿಕೆಟ್ ದರವನ್ನೂ ನೋಡಬೇಕು. ಬೆಲೆಯೇರಿಕೆ ಕಳೆದು ನೋಡಿದರೆ, ಸಾಮಾನ್ಯ ಕೋಣೆಯ ಆರಂಭದ ದರ ಮೂವತ್ತು ವರ್ಷಗಳ ಹಿಂದಿಗಿಂತ ಅಗ್ಗವೇ ಆಗಿದೆ. ಜಾಹೀರಾತಿನಲ್ಲಿ ಕಡಿಮೆ ದರ ತೋರಿಸಿ ಜನರನ್ನು ಹತ್ತಿಸಿಕೊಳ್ಳುವುದು, ಆಮೇಲೆ ಕುಡಿಯುವುದಕ್ಕೆ, ಇಂಟರ್ನೆಟ್ಟಿಗೆ, ವಿಶೇಷ ಊಟಕ್ಕೆ, ಬಂದರಿನಲ್ಲಿ ಇಳಿದು ನೋಡುವ ಪ್ರವಾಸಕ್ಕೆ ಒಂದೊಂದಾಗಿ ಬಿಲ್ಲು ಮಾಡುವುದು ಈಗಿನ ಪದ್ಧತಿ. ಅದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಹಡಗುಗಳು ನಿಂತವು. ಕಾರ್ನಿವಲ್ ಒಂದೇ ಗುಂಪಿನ ಸಾಲ 3,000 ಕೋಟಿ ಡಾಲರ್ ದಾಟಿತು. ಆ ಬಡ್ಡಿ ಎಲ್ಲಿಂದಲಾದರೂ ಹುಟ್ಟಬೇಕು.

ಹಳೇ ಗಿರಾಕಿಗೆ ಹೆಚ್ಚು ನೋವಾಗಿರುವುದು ಇನ್ನೊಂದು ಕಡೆ. ಈ ಕಂಪನಿಗಳು ಪದೇ ಪದೇ ಬರುವವರಿಗೆ ಪದವಿ ಕೊಡುತ್ತವೆ: ಗೋಲ್ಡ್, ಪ್ಲಾಟಿನಂ, ಡೈಮಂಡ್. ಎಷ್ಟು ರಾತ್ರಿ ಹಡಗಿನಲ್ಲಿ ಕಳೆದಿರಿ ಎಂಬುದೇ ಅಲ್ಲಿ ಅಳತೆ. 2025ರ ಜೂನ್‌ನಲ್ಲಿ ಕಾರ್ನಿವಲ್ ಈ ಅಳತೆಯನ್ನೇ ಬದಲಿಸುವುದಾಗಿ ಹೇಳಿತು: 2026ರಿಂದ ಎಷ್ಟು ರಾತ್ರಿ ಕಳೆದಿರಿ ಎಂಬುದಲ್ಲ, ಎಷ್ಟು ಖರ್ಚು ಮಾಡಿದಿರಿ ಎಂಬುದು ಲೆಕ್ಕ. ವರ್ಷಗಟ್ಟಲೆ ಅಗ್ಗದ ಕೋಣೆಯಲ್ಲಿ ಹೋಗಿ ರಾತ್ರಿ ಕೂಡಿಸಿಕೊಂಡಿದ್ದ ನಿವೃತ್ತ ಮೇಷ್ಟ್ರು, ನರ್ಸುಗಳೆಲ್ಲ ಸಿಟ್ಟಿಗೆದ್ದರು. ನಿಷ್ಠೆಗೆ ಬೆಲೆ ಇಲ್ಲವಾಯಿತು ಎಂದು ಅವರ ಅಳಲು. ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ರೇಷನ್ ಕೊಂಡವನಿಗೆ ಅಂಗಡಿಯ ಹೊಸ ಯಜಮಾನ ‘ನೀವ್ಯಾರು?’ ಎಂದರೆ ಹೇಗಾಗುತ್ತದೋ ಹಾಗೆ.

ದುಡ್ಡಿದ್ದವರಿಗೆ ಮಾತ್ರ ಹಳೆಯ ಗತ್ತು ಎಲ್ಲೂ ಹೋಗಿಲ್ಲ. ದೊಡ್ಡ ಹಡಗಿನೊಳಗೇ ಬೇರೆ ಬಾಗಿಲು, ಬೇರೆ ಈಜುಕೊಳ, ಬೇರೆ ಊಟದ ಕೋಣೆ ಇರುವ ಭಾಗ ಮಾಡಿದ್ದಾರೆ. ಎಂಎಸ್‌ಸಿ ಕಂಪನಿ 2008ರಲ್ಲಿ ‘ಯಾಟ್ ಕ್ಲಬ್’ ಎಂದು ಶುರು ಮಾಡಿತು, ನಾರ್ವೀಜಿಯನ್ ‘ಹೇವನ್’ ಎನ್ನುತ್ತದೆ. ಟೈಟಾನಿಕ್ ಕಾಲದ ಫಸ್ಟ್ ಕ್ಲಾಸ್, ಥರ್ಡ್ ಕ್ಲಾಸ್ ಬೇರೆ ಹೆಸರಿನಲ್ಲಿ ವಾಪಸ್ ಬಂದಿದೆ ಎಂದು ನಾವು ಹೇಳಿದರೆ ತಪ್ಪಾಗಲಾರದು. ಇನ್ನು ಪೂರ್ತಿ ಐಷಾರಾಮಿ ಎನಿಸಿಕೊಂಡ ಚಿಕ್ಕ ಹಡಗುಗಳಲ್ಲಿ ಪ್ರಯಾಣಿಕರಿಗೂ ಸಿಬ್ಬಂದಿಗೂ ಹೆಚ್ಚುಕಡಿಮೆ ಒಬ್ಬರಿಗೊಬ್ಬರ ಲೆಕ್ಕ.

ಅಂಥದ್ದೊಂದು ಹಡಗಿನ ಕತೆ ಕೇಳಿ. ಫ್ಲೋರಿಡಾದ ಲೀ ವಾಕ್‌ಸ್ಟೆಟರ್ ಎಂಬ ಹಿರಿಯ ಹೆಂಗಸು, ಎಲ್ಲರ ಬಾಯಲ್ಲಿ ‘ಮಾಮಾ ಲೀ’, ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಹಡಗಿನಲ್ಲೇ ವಾಸ ಮಾಡತೊಡಗಿದರು. ಆಮೇಲೆ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅವರಿಗೆ ಡ್ಯಾನ್ಸ್ ಎಂದರೆ ಪ್ರಾಣ. ಒಂಟಿಯಾಗಿ ಬಂದ ಹೆಂಗಸರ ಜೊತೆ ಕುಣಿಯಲು ಹಡಗಿನವರೇ ಸಭ್ಯ ಗಂಡಸರನ್ನು ಇಟ್ಟಿರುತ್ತಿದ್ದರು. ಮೂರು ವರ್ಷ ಇದ್ದ ಹಡಗು ಆ ಪದ್ಧತಿ ನಿಲ್ಲಿಸಿದ್ದಕ್ಕೇ ಅದನ್ನು ಬಿಟ್ಟು, ‘ಕ್ರಿಸ್ಟಲ್ ಸೆರೆನಿಟಿ’ ಎಂಬ ಇನ್ನೊಂದಕ್ಕೆ ಹೋದರು. ಅಲ್ಲಿ ವರ್ಷಕ್ಕೆ ಸುಮಾರು 1.64 ಲಕ್ಷ ಡಾಲರ್ ಖರ್ಚು ಎಂದು ಪತ್ರಿಕೆಗಳು ಬರೆದವು. ಹಡಗಿನ ಗುಣಮಟ್ಟವನ್ನು ಆ ಅಜ್ಜಿ ಅಳೆದದ್ದು ಹಡಗು ಎಷ್ಟು ಹೊಸದು ಎಂಬುದರಿಂದ ಅಲ್ಲ, ತನ್ನ ಜೊತೆ ಕುಣಿಯಲು ಒಬ್ಬ ಮನುಷ್ಯನನ್ನು ಇಟ್ಟಿದ್ದಾರೋ ಇಲ್ಲವೋ ಎಂಬುದರಿಂದ.

ಆ ಕ್ರಿಸ್ಟಲ್ ಕಂಪನಿಯೇ 2022ರ ಜನವರಿಯಲ್ಲಿ ಮುಳುಗಿತು. ಇಂಧನದ ಬಾಕಿಗಾಗಿ ಅಮೆರಿಕದ ಕೋರ್ಟು ವಾರಂಟ್ ಹೊರಡಿಸಿದ್ದರಿಂದ, ಮಯಾಮಿಗೆ ಬರಬೇಕಿದ್ದ ಅದರ ಒಂದು ಹಡಗು ಪ್ರಯಾಣಿಕರ ಸಮೇತ ಬಹಾಮಾಸ್ ಕಡೆ ತಿರುಗಿತು! ಬೇರೆಯವರು ಕೊಂಡು ರಿಪೇರಿ ಮಾಡಿ ಮತ್ತೆ ಓಡಿಸುವಾಗ ಸೆರೆನಿಟಿಯ ಪ್ರಯಾಣಿಕರ ಸಂಖ್ಯೆಯನ್ನು ಸಾವಿರದ ಆಸುಪಾಸಿನಿಂದ ಸುಮಾರು 740ಕ್ಕೆ ಇಳಿಸಿದರು. ಅಂದರೆ ಐಷಾರಾಮ ಬೇಕೆಂದರೆ ಜನ ಕಡಿಮೆ ಹತ್ತಿಸಬೇಕು, ದರ ಹೆಚ್ಚು ತೆಗೆದುಕೊಳ್ಳಬೇಕು ಎಂಬುದು ವ್ಯಾಪಾರಸ್ಥರಿಗೂ ಗೊತ್ತು.

ಹಾಗಂತ ಹಳೇ ಗಿರಾಕಿ ಹೇಳಿದ್ದೆಲ್ಲ ವೇದವಾಕ್ಯ ಎಂದು ನಾವು ಒಪ್ಪುವುದಿಲ್ಲ. ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್ 1995ರಲ್ಲಿ ‘ಜೆನಿತ್’ ಎಂಬ ಹಡಗಿನಲ್ಲಿ ಏಳು ರಾತ್ರಿ ಕಳೆದು, ಮರುವರ್ಷ ಹಾರ್ಪರ್ಸ್ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದರು. ಮೊದಲ ದಿನ ಎಲ್ಲವೂ ಅದ್ಭುತ. ಕೆಲವು ದಿನ ಕಳೆಯುವುದರೊಳಗೆ, ಪಕ್ಕದಲ್ಲಿ ಬಂದು ನಿಂತ ಇನ್ನೊಂದು ಹಡಗು ತಮ್ಮದಕ್ಕಿಂತ ಬೆಳ್ಳಗಿದೆ ಎಂದು ಹೊಟ್ಟೆಕಿಚ್ಚು ಶುರು. ತಮ್ಮ ಹಡಗಿನಲ್ಲಿ ಇಲ್ಲದ ಹುಳುಕೆಲ್ಲ ಕಾಣತೊಡಗಿತು. ಸೇವೆ ಹೆಚ್ಚಿದಷ್ಟೂ ಇನ್ನೂ ಬೇಕು ಎನ್ನುವ ಮಗುವೊಂದು ಮನುಷ್ಯನೊಳಗೆ ಇರುತ್ತದೆ, ಅದಕ್ಕೆ ಸಾಕು ಎಂಬುದೇ ಇಲ್ಲ ಎಂಬ ಅರ್ಥದ ಮಾತು ಆ ಲೇಖನದಲ್ಲಿ ಬರುತ್ತದೆ. ಮೂವತ್ತನೇ ಸಲ ಹತ್ತುವವನ ಕಣ್ಣಿಗೆ ಮೊದಲನೇ ಸಲದ ಬೆರಗು ಹೇಗೂ ಸಿಗುವುದಿಲ್ಲ. ‘ಸೂಟು ಹಾಕದೆ ಚಡ್ಡಿಯಲ್ಲೇ ಊಟಕ್ಕೆ ಬರುತ್ತಾರೆ’ ಎಂಬಂಥ ದೂರುಗಳನ್ನು ನಾವು ಪಕ್ಕಕ್ಕೆ ಇಡುತ್ತೇವೆ. ಅದರಿಂದ ಯಾರ ಬೆನ್ನೂ ನೋಯುವುದಿಲ್ಲ.

ಕೋಣೆ, ಊಟದ ಮೇಜು, ಟಿಪ್ಸ್, ಈ ಮೂರರ ಬಗ್ಗೆ ಬಂದ ದೂರು ಮಾತ್ರ ಬೇರೆ ಜಾತಿಯದು.

ಕ್ರೂಸ್ ಹಡಗಿನ ಸ್ಟೀವರ್ಡ್, ವೇಟರ್, ಅಡುಗೆಯವರ ಕೆಲಸ ವಾರಕ್ಕೆ ಏಳೂ ದಿನ. ಭಾನುವಾರ ಇಲ್ಲ, ಹಬ್ಬ ಇಲ್ಲ. ದಿನಕ್ಕೆ ಹತ್ತು, ಹನ್ನೊಂದು ಗಂಟೆ ಮಾಮೂಲು. ಆರೇಳು ತಿಂಗಳು, ಕೆಲವೆಡೆ ಒಂಬತ್ತು ತಿಂಗಳು ಕಾಂಟ್ರ್ಯಾಕ್ಟ್. ಅದು ಮುಗಿದು ಊರಿಗೆ ಬಂದ ಎರಡು ತಿಂಗಳು ಸಾಮಾನ್ಯವಾಗಿ ಸಂಬಳ ಇಲ್ಲ. ಮಲಗುವುದು ಹಡಗಿನ ಕೆಳ ಅಂತಸ್ತುಗಳಲ್ಲಿ, ಕಿಟಕಿ ಇಲ್ಲದ ಕೋಣೆಯಲ್ಲಿ, ಇನ್ನೊಬ್ಬನ ಜೊತೆ ಹಂಚಿಕೊಂಡು. ಈ ಕೆಲಸಕ್ಕೂ ಕಾನೂನು ಇದೆ. 2013ರಲ್ಲಿ ಜಾರಿಗೆ ಬಂದ ‘ಕಡಲ ಕಾರ್ಮಿಕ ಒಪ್ಪಂದ’ವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಹಡಗಿನಲ್ಲಿ ತಟ್ಟೆ ತೊಳೆಯುವವನೂ ನಾವಿಕನೇ. ಕೆಲಸದ ಗಂಟೆಯ ಮಿತಿ ದಿನಕ್ಕೆ 14, ವಾರಕ್ಕೆ 72. ವಿಶ್ರಾಂತಿಯ ಲೆಕ್ಕ ಇಟ್ಟರೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77. ಕಾನೂನೇ ಇಷ್ಟು ಉದಾರವಾಗಿರುವಾಗ ಮಾಲೀಕರಿಗೆ ಅದನ್ನು ಮುರಿಯುವ ಅವಸರವೂ ಅಷ್ಟಾಗಿ ಬೀಳುವುದಿಲ್ಲ.

ಹಡಗಿನ ಮೇಲೆ ಹಾರುವ ಬಾವುಟ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾದಂಥ ದೇಶಗಳದ್ದು. ಕಾರ್ನಿವಲ್ ಕಂಪನಿ ನೋಂದಣಿ ಆಗಿದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ. ಎರಡರ ಕಚೇರಿಯೂ ಇರುವುದು ಮಯಾಮಿಯಲ್ಲಿ, ಗಿರಾಕಿಗಳಲ್ಲಿ ಹೆಚ್ಚಿನವರು ಅಮೆರಿಕದವರು. ಆದರೆ ಅಮೆರಿಕದ ಕನಿಷ್ಠ ಕೂಲಿ ಅಲ್ಲಿನ ಸ್ಟೀವರ್ಡ್‌ಗೆ ಸಿಗುವುದಿಲ್ಲ. ಸಿಗುವುದು ಮೂಲ ಸಂಬಳ, ಜೊತೆಗೆ ಟಿಪ್ಸ್.

ಈ ಟಿಪ್ಸ್ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಮೊದಲು ಪ್ರವಾಸದ ಕೊನೆಯ ರಾತ್ರಿ ಪ್ರಯಾಣಿಕರು ಲಕೋಟೆಯಲ್ಲಿ ನೋಟು ಹಾಕಿ ಕೈಯಲ್ಲಿ ಕೊಡುತ್ತಿದ್ದರು. ಈಗ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ 16 ರಿಂದ 20 ಡಾಲರ್, ಅಂದರೆ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು, ತಾವೇ ಬಿಲ್ಲಿಗೆ ಸೇರಿಸುತ್ತವೆ. ಬೇಡವೆಂದರೆ ಬಹಳಷ್ಟು ಹಡಗುಗಳಲ್ಲಿ ಪ್ರಯಾಣಿಕ ಕೌಂಟರ್‌ಗೆ ಹೋಗಿ ತೆಗೆಸಬಹುದು. ‘ಸೇವೆ ಮೊದಲಿನ ಹಾಗಿಲ್ಲ, ತೆಗೆದುಹಾಕಿ’ ಎನ್ನುವವರು ಇದ್ದಾರೆ. ಇಲ್ಲಿ ಹಳೇ ಗಿರಾಕಿಗಳ ಮೇಲೆ ನಮಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಎರಡು ಸಲದ ಸೇವೆಯನ್ನು ಒಂದಕ್ಕೆ ಇಳಿಸಿದ್ದು ಕಚೇರಿಯಲ್ಲಿ ಕೂತ ಮ್ಯಾನೇಜರ್. ಸಂಜೆಯ ಪಾಳಿ ಉಳಿಯಿತೆಂದು ಹೆಚ್ಚು ಕೋಣೆ ಬಿದ್ದದ್ದು ಸ್ಟೀವರ್ಡ್ ತಲೆಗೆ. ಪ್ರಯಾಣಿಕನ ಸಿಟ್ಟಿಗೆ ದುಡ್ಡು ಕಳೆದುಕೊಳ್ಳುವವನೂ ಆ ಸ್ಟೀವರ್ಡೇ. ಮ್ಯಾನೇಜರ್ ಸಂಬಳದಲ್ಲಿ ಒಂದು ಡಾಲರ್ ಕಡಿತವಾಗುವುದಿಲ್ಲ. ಮಳೆ ಬರಲಿಲ್ಲವೆಂದು ಎತ್ತಿಗೆ ಮೇವು ಹಾಕುವುದನ್ನು ನಿಲ್ಲಿಸಿದ ಹಾಗೆ ಇದು.

ಅದೇ ಹಳೇ ಗಿರಾಕಿಗಳಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ, ಅದನ್ನೂ ಹೇಳಬೇಕು. ಹತ್ತು ವರ್ಷದ ಹಿಂದಿನ ವೇಟರ್ ಈಗ ಯಾವ ಹಡಗಿನಲ್ಲಿದ್ದಾನೆ ಎಂದು ವಿಚಾರಿಸಿಕೊಂಡು ಆ ಹಡಗಿಗೇ ಬುಕ್ ಮಾಡುವವರು, ಅವನ ಮಕ್ಕಳಿಗೆ ಉಡುಗೊರೆ ತರುವವರು, ‘ಈ ಹುಡುಗರಿಗೆ ಕೆಲಸ ಜಾಸ್ತಿಯಾಗಿದೆ’ ಎಂದು ಕಂಪನಿಗೆ ಬರೆಯುವವರು. ಕಂಪನಿಯ ಒಳಗೆ ಏನು ಬದಲಾಯಿತು ಎಂದು ಹೊರಜಗತ್ತಿಗೆ ಹೇಳಬಲ್ಲವರು ಅವರೇ. ಕೆಲಸ ಮಾಡುವ ಹುಡುಗ ಬಾಯಿಬಿಟ್ಟರೆ ಮುಂದಿನ ಕಾಂಟ್ರ್ಯಾಕ್ಟ್ ಬರದೇ ಹೋಗಬಹುದು ಎಂಬ ಹೆದರಿಕೆ ಇದ್ದೇ ಇರುತ್ತದೆ.

ಕೊರೊನಾ ಶುರುವಾದಾಗ ಈ ವ್ಯತ್ಯಾಸ ಇಡೀ ಜಗತ್ತಿಗೆ ಕಂಡಿತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು 3,711 ಜನರ ಸಮೇತ ತಡೆದು ನಿಲ್ಲಿಸಿದರು. ಏಳುನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರಿಗೆ ಕೋಣೆಯಿಂದ ಹೊರಗೆ ಬರಬೇಡಿ ಎಂದರು. ಅವರ ಬಾಗಿಲಿಗೆ ಮೂರು ಹೊತ್ತು ಊಟ ಮುಟ್ಟಿಸಿದ್ದು ಸಿಬ್ಬಂದಿ. ರಾತ್ರಿ ಅವರು ಮಲಗಿದ್ದು ಅದೇ ಹಂಚಿಕೊಂಡ ಕೋಣೆಗಳಲ್ಲಿ. ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು ಆರೇ ಮಂದಿ, ಉಳಿದ 132 ಜನ ಕೆಲಸಕ್ಕೆ ಹೋದವರು. ಆ ಮೇಲಿನ ತಿಂಗಳುಗಳಲ್ಲಿ ಪ್ರಯಾಣಿಕರೆಲ್ಲ ಮನೆ ಸೇರಿದರೂ, ಹತ್ತಾರು ಸಾವಿರ ಸಿಬ್ಬಂದಿ ಬೇರೆ ಬೇರೆ ಸಮುದ್ರಗಳಲ್ಲಿ ಖಾಲಿ ಹಡಗುಗಳಲ್ಲಿ ಉಳಿದುಬಿಟ್ಟರು. ಯಾವ ದೇಶದ ಬಂದರೂ ಇಳಿಯಲು ಸುಲಭಕ್ಕೆ ಬಿಡಲಿಲ್ಲ. ಮುಂಬೈ ತೀರದಲ್ಲೇ ನಿಂತಿದ್ದ ‘ಮರೆಲ್ಲಾ ಡಿಸ್ಕವರಿ’ಯಿಂದ ನಮ್ಮ ದೇಶದವರೇ ಆದ ಸುಮಾರು 145 ಜನರನ್ನು ಇಳಿಸಿಕೊಂಡದ್ದು ಏಪ್ರಿಲ್ ಕೊನೆಯ ಹೊತ್ತಿಗೆ.

ಈ ಹಡಗುಗಳು ನಮ್ಮ ಕಣ್ಣಿಗೂ ಬೀಳುತ್ತವೆ. ಮಳೆಗಾಲ ಮುಗಿದ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಕ್ರೂಸ್‌ಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಇಳಿದವರು ಬಸ್ಸು ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಎಂದು ಸುತ್ತುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಚೆಂಡೆ ಬಾರಿಸಿ ಸ್ವಾಗತ ಕೋರಿದ ಫೋಟೊ ಬರುತ್ತದೆ, ಎಷ್ಟು ಪ್ರವಾಸಿಗರು ಬಂದರು ಎಂಬ ಸಂಖ್ಯೆ ಬರುತ್ತದೆ. ಎಷ್ಟು ಸಿಬ್ಬಂದಿ ಇದ್ದರು, ಅವರಲ್ಲಿ ಊರಿನವರು ಯಾರಾದರೂ ಇದ್ದರೇ ಎಂದು ಬರೆದದ್ದನ್ನು ನಾವು ನೋಡಿದ್ದು ಕಡಿಮೆ. ಪತ್ರಿಕೋದ್ಯಮ ಓದಿದ ನಮಗೇ ಇದು ಚುಚ್ಚುವ ಮಾತು.

ನಮ್ಮದೇ ದೇಶದ ಕ್ರೂಸ್‌ಗಳೂ ಈಗ ಇವೆ. 2019ರಲ್ಲಿ ಮುಂಬೈಯಿಂದ ‘ಕರ್ಣಿಕಾ’ ಎಂಬ ಹಡಗು ದೊಡ್ಡ ಸದ್ದಿನೊಂದಿಗೆ ಶುರುವಾಯಿತು, ಮರುವರ್ಷವೇ ಹರಾಜಾಗಿ ಗುಜರಾತಿನ ಅಲಂಗ್‌ನ ಒಡೆಯುವ ಕಟ್ಟೆ ಸೇರಿತು. 2021ರ ಸೆಪ್ಟೆಂಬರ್‌ನಿಂದ ಕಾರ್ಡೇಲಿಯಾದ ‘ಎಂಪ್ರೆಸ್’ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡುತ್ತಿದೆ. ಅದು 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ ಕಟ್ಟಿದ ಹಡಗು. ಹಳೆಯ ಹಡಗು ಎಂಬುದು ನಮ್ಮ ಆಕ್ಷೇಪವಲ್ಲ. ಕಂಪನಿ ಬಿದ್ದರೆ ಕೆಲಸಗಾರನ ಗತಿಯೇನು ಎಂಬುದು ಎಲ್ಲ ಹಡಗಿಗೂ ಕೇಳಬೇಕಾದ ಪ್ರಶ್ನೆ. 2017ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಮಾಲೀಕ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಸಂಬಳ ಬಾಕಿ ಮತ್ತು ಊರಿಗೆ ಮರಳುವ ಖರ್ಚಿಗೆ ವಿಮೆಯಂಥ ಭದ್ರತೆ ಇರಲೇಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು.

ಈಗ ಊರಿನ ಮಾತಿಗೆ ಬರೋಣ. ಶಿಪ್ಪಿಗೆ ಕಳಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ಏಜೆಂಟರು ಎಲ್ಲ ಕಡೆ ಇದ್ದಾರೆ. ಕೆಲಸ ಕೊಡಿಸಿದ್ದಕ್ಕೆ ಹುಡುಗನಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಕಾನೂನು. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಎನ್ನುವ ನಾವಿಕರ ಪುಸ್ತಕ, ಇವುಗಳ ಖರ್ಚು ಮಾತ್ರ ನಮ್ಮದು. ವೀಸಾ ಖರ್ಚು ಹಡಗಿನ ಮಾಲೀಕನದು. ಸುರಕ್ಷತೆಯ ಮೂಲ ತರಬೇತಿಗೆ ಮಾನ್ಯತೆ ಪಡೆದ ಸಂಸ್ಥೆಗೆ ಶುಲ್ಕ ಕಟ್ಟಬೇಕಾಗುತ್ತದೆ, ಆದರೆ ‘ತರಬೇತಿ’ ಎಂಬ ಹೆಸರಿನಲ್ಲೇ ಏಜೆಂಟರು ಕಮಿಷನ್ ಸೇರಿಸುವುದೂ ಉಂಟು, ರಸೀದಿ ಕೇಳಿ. ಹಡಗಿಗೆ ಜನ ಕಳಿಸುವವರಿಗೆ ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಲೈಸೆನ್ಸ್ ಇರಬೇಕು, ಅದಕ್ಕೆ ಆರ್‌ಪಿಎಸ್‌ಎಲ್ ಎನ್ನುತ್ತಾರೆ. ಲೈಸೆನ್ಸ್ ಇದ್ದವರ ಪಟ್ಟಿ ಆ ಇಲಾಖೆಯ ವೆಬ್‌ಸೈಟಿನಲ್ಲೇ ಇದೆ, ಫೋನಿನಲ್ಲೇ ನೋಡಬಹುದು. ಪಟ್ಟಿಯಲ್ಲಿ ಹೆಸರಿಲ್ಲದವನು ಎಷ್ಟೇ ಹತ್ತಿರದ ನೆಂಟನಾಗಿರಲಿ, ಪಾಸ್‌ಪೋರ್ಟ್ ಅವನ ಕೈಗೆ ಕೊಡಬೇಡಿ.

ಏಜೆಂಟ್ ತೋರಿಸುವ ವಿಡಿಯೊದಲ್ಲಿ ಹಡಗು ಯಾವತ್ತೂ ಚೆಂದವೇ. ಅದರ ಬದಲು ಹಡಗಿನ ಹೆಸರು ಬರೆಸಿಕೊಂಡು ಮನೆಗೆ ಬನ್ನಿ. ಆ ಹಡಗಿನಲ್ಲಿ ಪದೇ ಪದೇ ಹೋಗಿ ಬಂದ ಪ್ರಯಾಣಿಕರು ಕಳೆದ ಒಂದೆರಡು ವರ್ಷದಲ್ಲಿ ಏನು ಬರೆದಿದ್ದಾರೆ ಹುಡುಕಿ ಓದಿ. ಇಂಗ್ಲಿಷ್ ಕಷ್ಟವಾದರೆ ಫೋನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ. ಊಟ ಸಪ್ಪೆ, ಶೋ ಚೆನ್ನಾಗಿರಲಿಲ್ಲ ಎಂಬುದನ್ನೆಲ್ಲ ದಾಟಿಕೊಂಡು ಹೋಗಿ. ‘ಸ್ಟೀವರ್ಡ್ ಓಡಾಡಿ ಸುಸ್ತಾಗಿದ್ದ’, ‘ಮೊದಲು ಇಬ್ಬರಿದ್ದರು, ಈಗ ಒಬ್ಬನೇ’, ‘ನಮ್ಮ ವೇಟರ್‌ಗೆ ಮೇಜುಗಳು ಜಾಸ್ತಿ’ ಎಂಬಂಥ ಸಾಲು ಒಂದಲ್ಲ ಹತ್ತು ಜನ ಬರೆದಿದ್ದರೆ, ಮಾರನೇ ದಿನ ಏಜೆಂಟನ ಮುಂದೆ ಕೂತು ಕೇಳಿ: ಒಬ್ಬನಿಗೆ ಎಷ್ಟು ಕೋಣೆ? ಟಿಪ್ಸ್ ಬಿಟ್ಟು ಮೂಲ ಸಂಬಳ ಎಷ್ಟು? ಪ್ರಯಾಣಿಕರು ಟಿಪ್ಸ್ ತೆಗೆಸಿದರೆ ಅಷ್ಟು ಹಣ ಯಾರ ಲೆಕ್ಕದಿಂದ ಹೋಗುತ್ತದೆ? ಉತ್ತರವನ್ನು ಒಪ್ಪಂದದ ಕಾಗದದಲ್ಲಿ ತೋರಿಸಿ ಎನ್ನಿ. ‘ಅದೆಲ್ಲ ಅಲ್ಲಿಗೆ ಹೋದ ಮೇಲೆ ಗೊತ್ತಾಗ್ತದೆ’ ಎಂದರೆ, ಕಾಗದಕ್ಕೆ ಸಹಿ ಹಾಕದೆ ಎದ್ದು ಬನ್ನಿ.